ಇದ್ದಿಲಿಗೆ ಲವಂಗ

ಫಕ್ರುನ್ನೀಸಾ ಹಳೆಯ ವಾಯಿಲ್ ಸೀರೆಯ ತುಂಡೊಂದನ್ನು ಪಾತ್ರೆಯ ಬಾಯಿಗೆ ಬಿಗಿದು ಕಟ್ಟಿ, ಅದರ ಮೇಲೆ ಕರಿ ಪುಡಿ ಹಾಕಿ, ಬೆರಳ ತುದಿಯಿಂದ ಸುತ್ತುಸುತ್ತಾಗಿ ತಿಕ್ಕುತ್ತಿದ್ದಳು. ಮೂಗು ಬಾಯಿ ಮುಚ್ಚುವಂತೆ ಸೆರಗು ಕಟ್ಟಿಕೊಂಡಿದ್ದಳು. ಒಂದು ಸೀನು ಬಂದರೆ ತಿಂಗಳ ಕೆಲಸವೆಲ್ಲ ಅಡುಗೆಮನೆಯ ಗೋಡೆಗೆ ಹತ್ತುವುದಿತ್ತು. ಒಲೆಯ ಮೇಲೆ ಚಹಾ ಉಕ್ಕುವುದಕ್ಕೆ ಸಿದ್ಧವಾಗಿತ್ತು. ಅವಳೂ ಅಷ್ಟೇ.

ಸಿಟ್ಟಿಗೆ ಕಾರಣ ನಾಗರಾಜಪ್ಪ. ಅವಳು ಡೆಮಾನ್ಸ್ಟ್ರೇಟರ್ ಆಗಿದ್ದ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಮುಖ್ಯಸ್ಥ. ನಿನ್ನೆ ಸಂಜೆ ಲ್ಯಾಬಿನ ಬಾಗಿಲಲ್ಲಿ ನಿಂತು ಹೇಳಿದ್ದ:

“ಮೇಡಂ, ಬೆಂಗಳೂರಿನ ವಿಜ್ಞಾನಿಗಳು ನಾಳೆ ಹರಿಹರಕ್ಕೆ ಬರ್ತಾರೆ. ನಮ್ಮ ಪುಡಿ ಎಷ್ಟು ಉಳಿದೈತೋ ಅಷ್ಟೂ ಬೇಕಂತೆ. ಮಾಡಿದವರು ಯಾರೋ ಅವರನ್ನೂ ನೋಡ್ಬೇಕಂತೆ. ನೀವು ಬಾಟ್ಲಿ ತುಂಬಿ ಇಡ್ರಿ. ನಾ ಮನೆಗೇ ಬಂದು ಒಯ್ತೀನಿ. ನಿಮಗ್ಯಾಕ ತ್ರಾಸು? ಮನೆ ಮಠ ಇರೋರು.”

‘ನಮ್ಮ ಪುಡಿ’ ಎಂಬ ಆ ಎರಡು ಪದ ಅವಳ ಕಿವಿಯಲ್ಲಿ ಸೊಳ್ಳೆಯಂತೆ ಇನ್ನೂ ಗುಂಯ್‌ಗುಡುತ್ತಿದ್ದವು.

ಪುಡಿಯೆಂದರೆ ಇದ್ದಿಲು. ಇದ್ದಿಲೆಂದರೆ ಭತ್ತದ ಹೊಟ್ಟು. ಗಂಡ ಜಮಾಲುದ್ದೀನನದು ಮಂಡಕ್ಕಿ ಭಟ್ಟಿ. ಭಟ್ಟಿಗೆ ಹೊಟ್ಟೇ ಉರುವಲು. ಫಕ್ರುನ್ನೀಸಾ ಆ ಹೊಟ್ಟನ್ನು ಕಬ್ಬಿಣದ ಡಬ್ಬಿಗೆ ಗಿಡಿದು, ಗಾಳಿ ಆಡದಂತೆ ಬಾಯಿಗೆ ಮಣ್ಣು ಮೆತ್ತಿ, ಭಟ್ಟಿಯ ಕೆಂಡದೊಳಗೆ ಹೂತು ಸುಡುತ್ತಿದ್ದಳು. ಆಮೇಲೆ ಲ್ಯಾಬಿನಲ್ಲಿ ಕಾಸ್ಟಿಕ್ ಸೋಡಾ ಹಾಕಿ ಕುದಿಸಿ, ಹೊಟ್ಟಿನೊಳಗಿನ ಮರಳಿನಂಶ ತೆಗೆದು, ತೊಳೆದು, ಒಣಗಿಸಿ, ಅರೆದು, ಜರಡಿ ಹಿಡಿಯುತ್ತಿದ್ದಳು. ಅತ್ತೆ ಇಮಾಂಬೀ ಒಮ್ಮೆ ಕೇಳಿದ್ದಳು, “ಇಷ್ಟೆಲ್ಲ ಮಾಡಿ ಏನ್ ಬರ್ತೈತೆ ಬೇಟಿ?”

“ಟಾರ್ಚಿನ ಸೆಲ್ಲು ತೀರಿದ ಮೇಲೆ ಎಸೀತೀವಲ್ಲ ಅಮ್ಮಾ? ಎಸೀದೆ ಮತ್ತೆ ಮತ್ತೆ ತುಂಬಿಸೋ ಅಂಥ ಹಗುರ ಸೆಲ್ಲು ಮಾಡ್ಬೇಕು ಅಂತ ದೇಶದೇಶದಾಗೆ ಒದ್ದಾಡ್ತಾ ಅದಾರೆ. ಲಿಥಿಯಂ ಅಂತ ಒಂದು ಲೋಹ. ಭಾಳ ಶಕ್ತಿ, ಭಾಳ ಸಿಡುಕು. ಬರೀ ಅದನ್ನೇ ಇಟ್ರೆ ಮುಳ್ಳು ಬೆಳ್ಕೊಂಡು ಸೆಲ್ಲಿಗೇ ಬೆಂಕಿ ಹಚ್ತೈತೆ. ಅದಕ್ಕೇ ಇದ್ದಿಲೊಳಗೆ ಅದಕ್ಕೊಂದು ಮನೆ ಮಾಡಿಕೊಡೋದು. ಆನೋಡ್ ಅಂತಾರೆ. ತುಂಬಿಸಿದಾಗ ಲಿಥಿಯಂ ಒಳಗೆ ಬಂದು ಕೂಡ್ಬೇಕು, ಬಳಸಿದಾಗ ಎದ್ದು ಹೋಗ್ಬೇಕು. ಬಂದು ಹೋಗಿ ಮಾಡೋದ್ರಾಗೆ ಮನೆ ಬೀಳಬಾರದು.”

ಇಮಾಂಬೀ ತಲೆಯಾಡಿಸಿದ್ದಳು. “ನಿನ್ನ ಮಾವನೂ ಹಂಗೇ ಇದ್ರು. ಬರೋರು, ಹೋಗೋರು. ಮನೆ ನಾ ಹಿಡ್ಕೊಂಡಿದ್ದೆ.”

ಹೋದ ವರ್ಷ ಫಕ್ರುನ್ನೀಸಾ ತಂಗಿ ಮಾಸೂಮಾಳ ಬಾಣಂತನಕ್ಕೆಂದು ತವರುಮನೆ ಹರಿಹರಕ್ಕೆ ಹೋಗಿದ್ದಳು. ಆಗ ನಾಗರಾಜಪ್ಪ ಪುಡಿಯನ್ನು ಪರೀಕ್ಷೆಗೆ ಕೊಡಲು ಬೆಂಗಳೂರಿಗೆ ಹೊರಟವನು ಅವಳು ಬರುವ ತನಕ ಕಾಯಲಿಲ್ಲ. ನಿಟ್ಟುವಳ್ಳಿಯ ಈ ಮನೆಗೇ ಬಂದು, ಖಾಲಿ ಬಾಟಲಿ ಚಾಚಿ, “ಕರಿ ಪುಡಿ ಕೊಡ್ರಿ ಅಮ್ಮಾ” ಎಂದು ಇಮಾಂಬೀ ಕೈಯಿಂದ ತುಂಬಿಸಿಕೊಂಡು ಹೋಗಿದ್ದ. ಫಕ್ರುನ್ನೀಸಾ ಬಾಣಂತನ ಮುಗಿಸಿ ಬಂದು ನೋಡಿದಾಗ ಷೆಲ್ಫಿನ ಮೇಲಿನ ಬಿಸ್ಕೀಟ್ ಡಬ್ಬಿಯಲ್ಲಿ ಪುಡಿ ಅಷ್ಟು ತಗ್ಗಿತ್ತು.

ಬೆಂಗಳೂರಿನವರು ಆ ಪುಡಿಯಿಂದ ಸೆಲ್ಲು ಮಾಡಿದರು. ತುಂಬಿಸಿದರು, ಖಾಲಿ ಮಾಡಿದರು, ತುಂಬಿಸಿದರು. ಪುಡಿ ಜಪ್ಪಯ್ಯ ಅನ್ನಲಿಲ್ಲ. ಸುದ್ದಿ ಬಂದ ದಿನ ನಾಗರಾಜಪ್ಪ ಕಾಲೇಜಿನ ಸಭೆಯಲ್ಲಿ ಮುಕ್ಕಾಲು ಗಂಟೆ ಮಾತಾಡಿ, ಕೊನೆಯಲ್ಲಿ, “ಪುಡಿ ಅರೆಯೋ ಕೆಲಸಕ್ಕೆ ನಮ್ಮ ಲ್ಯಾಬಿನ ಒಬ್ಬ ಹೆಣ್ಣುಮಗಳು ಸಹಾಯ ಮಾಡಿದ್ದಾರೆ” ಎಂದ. ಸಭೆ ಚಪ್ಪಾಳೆ ತಟ್ಟಿತು. ಫಕ್ರುನ್ನೀಸಾಳೂ ರೂಢಿಯಂತೆ ತಟ್ಟಿದಳು. ಅವನ ಮಾತಿಗಿಂತ ತನ್ನ ಆ ಚಪ್ಪಾಳೆಯೇ ಅವಳನ್ನು ಇವತ್ತಿಗೂ ಉರಿಸುತ್ತಿತ್ತು. ಹೊಟ್ಟಿನ ಬೆಂಕಿಯ ಹಾಗೆ, ಮೇಲೆ ಬೂದಿ, ಒಳಗೆ ಕೆಂಡ.

ಈ ಸಲ ಬಾಟಲಿ ತನ್ನ ಕೈಯಿಂದಲೇ ಹೋಗಬೇಕು. ‘ಮಾಡಿದವಳು ನಾನು’ ಎಂದು ತನ್ನ ಬಾಯಿಂದಲೇ ಹೇಳಬೇಕು. ಹಳೆಯ ಡಬ್ಬಿಯಲ್ಲಿ ಉಳಿದದ್ದು ಒಂದು ಬಾಟಲಿ, ಹೊಸದಾಗಿ ಸುಟ್ಟದ್ದು ಇನ್ನೊಂದು. ಹೀಗೆಂದುಕೊಂಡು ಅವಳು ತಿಕ್ಕುತ್ತಿದ್ದಾಗ ಪಕ್ಕದ ಮನೆಯ ಶಕುಂತಲಮ್ಮ ಹಿತ್ತಲ ಬಾಗಿಲಲ್ಲಿ ತಲೆ ಹಾಕಿ ನಕ್ಕಳು. ಕರಿ ಮೆತ್ತಿಕೊಂಡು ಹಲ್ಲು ಒಂದೂ ಕಾಣಲಿಲ್ಲ. ಬಾಯೊಳಗೆ ಅಮಾವಾಸ್ಯೆ.

“ಫಕ್ರಮ್ಮಾ, ನಿಮ್ಮತ್ತೆ ಎಲ್ಲಿ? ಪುಡಿ ತೀರೇತಿ. ಒಂದ್ ಚೂರು ಹಾಕ್ರಿ,” ಎಂದು ಬಟ್ಟಲು ಚಾಚಿದಳು.

“ಯಾವ ಪುಡಿ?”

“ಅದೇ, ನೀವು ಕಾಲೇಜಾಗೆ ಮಾಡ್ತೀರಲ್ಲ, ಹಲ್ಲುಪುಡಿ.”

ಫಕ್ರುನ್ನೀಸಾ ಒಂದೇ ನೆಗೆತಕ್ಕೆ ಷೆಲ್ಫಿನ ಬಳಿ ಹೋಗಿ ಡಬ್ಬಿ ಎತ್ತಿದಳು. ಅದು ಎಷ್ಟು ಹಗುರಾಗಿತ್ತೆಂದರೆ ಕೈ ತಾನಾಗಿ ತಲೆಯ ಮಟ್ಟಕ್ಕೆ ಹೋಯಿತು. ತಳದಲ್ಲಿ ಒಂದು ಚಮಚದಷ್ಟು ಪುಡಿ, ಅದರ ಮೇಲೆ ಒಂದು ಒದ್ದೆ ಬೆರಳಿನ ಗುರುತು.

“ಅಮ್ಮಾ!”

ಅವಳಿಗೆ ಮನೆಯಲ್ಲಿ ಸಿಟ್ಟು ಬಂದರೆ ಮಾತು ಉರ್ದುವಿನಿಂದ ಕನ್ನಡಕ್ಕೆ ತಿರುಗುತ್ತಿತ್ತು; ಕಾಲೇಜಿನಲ್ಲಿ ಬಂದರೆ ಕನ್ನಡದಿಂದ ಉರ್ದುವಿಗೆ. ಯಾರಿಗೂ ಅರ್ಥವಾಗದಿರಲಿ ಎಂದು ಮಾಡಿಕೊಂಡ ಏರ್ಪಾಡು. ಊರಿನಲ್ಲಿ ಎಲ್ಲರಿಗೂ ಎರಡೂ ಬರುತ್ತಿದ್ದುದರಿಂದ ಪ್ರಯೋಜನವೇನೂ ಆಗಿರಲಿಲ್ಲ.

ಇಮಾಂಬೀ ಜಪದ ಸರ ಹಿಡಿದೇ ಬಂದಳು. “ಸಿಟ್ಟಾಗಬ್ಯಾಡ ಬೇಟಿ. ನನ್ನ ಹಲ್ಲುಜ್ಜೋ ಮಂಜನ್ ಖಾಲಿ ಆಗಿತ್ತು. ಯಾಕ್ ಖಾಲಿ ಆತು ಅಂದ್ರೆ, ನಿಮ್ಮ—”

“ಯಾಕಾದ್ರೂ ಆಗ್ಲಿ! ಒಂದು ಮಾತು ಕೇಳ್ಬೇಕಿತ್ತು ನನ್ನ!”

“ಅದನ್ನೇ ಹೇಳಾಕತ್ತೀನಿ. ನಿಮ್ಮ—”

“ಸಾಕು! ಯಾರ್ಯಾರಿಗೆ ಕೊಟ್ರಿ?”

“ಕೇಳಿದವರಿಗೆ.”

“ಯಾರು ಕೇಳಿದ್ರು?”

ಇಮಾಂಬೀ ಯೋಚಿಸಿದಳು. “ಎಲ್ಲಾರೂ.”

ಶಕುಂತಲಮ್ಮ ನಡುವೆ ಬಂದಳು. “ಬೈಬ್ಯಾಡ್ರಿ ಪಾಪ. ನಮ್ಮನೆಯೋರು ಬೀಡಿ ಸೇದಿ ಸೇದಿ ಹಲ್ಲು ಇಟ್ಟಂಗಿ ಬಣ್ಣ ಆಗಿದ್ವು. ಈಗ ನೋಡ್ರಿ, ಮಂಡಕ್ಕಿ ಆಗ್ಯಾವೆ. ಓಣಿಗೆ ಓಣಿನೇ ನಿಮಗೆ ಪುಣ್ಯ ಬರ್ಲಿ ಅಂತೈತೆ.”

ಜಗತ್ತಿನ ಯಾವ ಪ್ರಯೋಗಶಾಲೆಯಲ್ಲೂ ಇಲ್ಲದ ಇದ್ದಿಲು ನಿಟ್ಟುವಳ್ಳಿಯ ಚರಂಡಿಗಳಲ್ಲಿ ಹರಿದುಹೋಗಿತ್ತು. ಫಕ್ರುನ್ನೀಸಾ ಬುರ್ಖಾ ಹಾಕಿಕೊಂಡು, ಹೊಸ ಪುಡಿಯನ್ನು ಬಾಟಲಿಗೆ ತುಂಬಿ ಕೈಚೀಲಕ್ಕೆ ಹಾಕಿ, ಇನ್ನೊಂದು ಖಾಲಿ ಬಾಟಲಿ ಮತ್ತು ಒಂದು ಚಮಚ ಹಿಡಿದು ಓಣಿಗಿಳಿದಳು. ಮಸಿ ಮೆತ್ತಿದ ಕೈಯನ್ನು ಒರೆಸಿಕೊಳ್ಳಲು ಬುರ್ಖಾದಷ್ಟು ಅನುಕೂಲದ ಬಟ್ಟೆ ಇಲ್ಲ ಎಂಬುದೊಂದೇ ಆ ಬೆಳಗಿನ ಸಮಾಧಾನ.

ಮೊದಲ ಮನೆ ನಿವೃತ್ತ ಮೇಷ್ಟ್ರು ಜಂಬಯ್ಯನದು. ಜಗುಲಿಯ ಮೇಲೆ ಕನ್ನಡಿ ಇಟ್ಟುಕೊಂಡು ಕುಳಿತಿದ್ದ. ಎಂಬತ್ತರ ಹತ್ತಿರದ ಮುಖಕ್ಕೆ ಇಪ್ಪತ್ತರ ಮೀಸೆ ಅಂಟಿಸಿದಂತಿತ್ತು.

“ಮೇಷ್ಟ್ರೇ, ನಮ್ಮತ್ತೆ ಕೊಟ್ಟ ಹಲ್ಲುಪುಡಿ ಉಳಿದೈತಾ? ವಾಪಸ್ ಬೇಕಿತ್ತು.”

“ಹಲ್ಲು ಎಲ್ಲಿ ಅದಾವವ್ವ ನಂಗೆ?” ಎಂದು ಜಂಬಯ್ಯ ಬಾಯಿ ತೆರೆದು ತೋರಿಸಿದ. “ಹಲ್ಲಿಲ್ಲದವ್ನಿಗೆ ನಿಮ್ಮತ್ತೆ ಹಲ್ಲುಪುಡಿ ಕೊಟ್ರು. ಪ್ರೀತಿಯಿಂದ ಕೊಟ್ಟಿದ್ದು, ಬ್ಯಾಡ ಅನ್ನಾಕೆ ಆಗ್ತೈತಾ? ಕೊಬ್ಬರಿ ಎಣ್ಣೆ ಕಲಸಿ ಮೀಸೆಗೆ ಹಚ್ಚಿದೆ. ಒಂದು ಮಾತು ಹೇಳ್ಲಾ? ನಿಂಬೆಹಣ್ಣು ಹಿಂಡ್ಬೇಕಿತ್ತು. ಬೆವರಿದ್ರೆ ಇಳೀತೈತೆ.”

“ಅದು ಬ್ಯಾಟ್ರಿಗೆ ಮಾಡಿದ್ದು ಮೇಷ್ಟ್ರೇ.”

“ಬ್ಯಾಟ್ರಿಗಾ? ಹೆಣ್ಮಕ್ಳಿಗೆ ಯಾಕವ್ವ ಬ್ಯಾಟ್ರಿ? ಕರೆಂಟು ಹೋದ್ರೆ ಬುಡ್ಡಿ ಹಚ್ಚಿದ್ರಾತು.”

ಫಕ್ರುನ್ನೀಸಾ ಹಲ್ಲು ಕಚ್ಚಿ ಮುಂದೆ ನಡೆದಳು. ಒಂದು ಮನೆಯಲ್ಲಿ ಪುಡಿಗೆ ಉಪ್ಪು ಬೆರೆಸಿದ್ದರು. ಇನ್ನೊಂದರಲ್ಲಿ ಮಗುವಿನ ಕಣ್ಣಿಗೆ ಕಾಡಿಗೆ ಮಾಡಿದ್ದರು. ಮತ್ತೊಂದರಲ್ಲಿ ಒಡೆದ ಹಿಮ್ಮಡಿಗೆ ಮೇಣದ ಜೊತೆ ಕಲಸಿ ಹಚ್ಚಿಕೊಂಡು ಕಾಲು ಚಾಚಿ ಕುಳಿತಿದ್ದರು. ಎಲ್ಲರೂ ಹರಸಿದರು, ಎಲ್ಲರೂ ಸಲಹೆ ಕೊಟ್ಟರು, ಯಾರೂ ಪುಡಿ ಕೊಡಲಿಲ್ಲ. ಓಣಿಯ ಕೊನೆಯಲ್ಲಿ ಟಾಂಗಾದ ಗೌಸ್ ಪೀರ್ ತನ್ನ ಕುದುರೆಯ ಮೇಲ್ದುಟಿ ಎತ್ತಿಹಿಡಿದು, ಬಟ್ಟೆ ಸುತ್ತಿದ ಬೆರಳಿನಿಂದ ಅದರ ಹಲ್ಲು ಉಜ್ಜುತ್ತಿದ್ದ.

“ಆಪಾ, ಸಲಾಂ! ನಿಮ್ಮ ಪುಡಿ ಅಂದ್ರೆ ಪುಡಿ!” ಎಂದು ಕೂಗಿದ. “ಮುದುಕ ಆಗೈತೆ ಇದು. ಹರಿಹರದಾಗೆ ಒಬ್ರು ಕೊಳ್ತೀನಿ ಅಂದಾರೆ. ಕೊಳ್ಳೋರು ಮೊದ್ಲು ಬಾಯಿ ನೋಡ್ತಾರೆ ನೋಡ್ರಿ. ಅದಕ್ಕೇ ಇಮಾಂಬೀ ಖಾಲಾ ಹತ್ರ ಕಾಡಿ ಬೇಡಿ ತಂದೆ.”

ಕುದುರೆ ಅವಳನ್ನು ನೋಡಿ ನಕ್ಕಿತು. ಮದುಮಗನಿಗೂ ಇಲ್ಲದಂಥ ಹಲ್ಲು.

“ಉಳಿದಿದ್ದು?”

“ಇದೇ ಕೊನೇ ಚಿಟಿಕೆ,” ಎಂದು ಅವನು ಅದನ್ನೂ ದವಡೆಗೆ ತಿಕ್ಕಿದ.

ಮನೆಗೆ ವಾಪಸು ಬಂದರೆ ಬಾಗಿಲಲ್ಲಿ ನಾಗರಾಜಪ್ಪನ ಸ್ಕೂಟರು. ಅವನು ಜಗುಲಿಯ ಮೇಲೆ ಕುಳಿತು ಅವಳದೇ ಚಹಾ ಕುಡಿಯುತ್ತ ಇಮಾಂಬೀ ಜೊತೆ ಮಾತಾಡುತ್ತಿದ್ದ.

“ಹಿಂದಿನ ಸಲ ಕೊಟ್ರಲ್ಲ ಅಮ್ಮಾ, ಅದನ್ನೇ ಹಾಕಿ ಕೊಡ್ರಿ. ಮೇಡಂ ಬರೋದು ಯಾಕ್ ಕಾಯ್ಬೇಕು?”

“ಹಿಂದಿನ ಸಲದ್ದು ಮುಗಿದು ಹೋತು ಸಾಹೇಬ್ರೆ. ಅದನ್ನ ನಾ ಮತ್ತೆ ಮಾಡೇ ಇಲ್ಲ,” ಎನ್ನುತ್ತಿದ್ದಳು ಇಮಾಂಬೀ.

ತನ್ನನ್ನು ಕಾಪಾಡಲು ಮುದುಕಿ ಎಂಥ ಸುಳ್ಳು ಹೇಳುತ್ತಿದ್ದಾಳೆ ಎಂದು ಫಕ್ರುನ್ನೀಸಾಳಿಗೆ ಒಂದು ಗಳಿಗೆ ಅತ್ತೆಯ ಮೇಲೆ ಪ್ರೀತಿ ಉಕ್ಕಿತು. ಅವಳು ಮೆಟ್ಟಿಲ ಬಳಿಯೇ ನಿಂತು ಹೇಳಿದಳು, “ಬಾಟ್ಲಿ ನನ್ನ ಹತ್ರ ಐತೆ ಸಾರ್. ನಾನೇ ತರ್ತೀನಿ.”

“ನೀವಾ? ಅಷ್ಟು ದೂರ? ಗೆಸ್ಟ್ ಹೌಸ್ ನಿಮಗೆ ಎಲ್ಲಿ ಗೊತ್ತಾಗ್ಬೇಕು?”

“ಹರಿಹರ ನನ್ನ ತವರು ಸಾರ್. ದಾರಿ ನಿಮಗೆ ಬೇಕಾದ್ರೆ ನಾ ಹೇಳ್ತೀನಿ.”

ನಾಗರಾಜಪ್ಪ ನಕ್ಕ. ಹೆಣ್ಣುಮಕ್ಕಳ ಸಿಟ್ಟು ಹಾಲಿನ ಹಾಗೆ, ಉಕ್ಕಿ ಇಳಿಯುತ್ತದೆ ಎಂದು ತಿಳಿದವರ ನಗು ಅದು. ಲೋಟ ಅಲ್ಲಿಯೇ ಇಟ್ಟು ಸ್ಕೂಟರು ಒದ್ದು ಹೊರಟ.

ಅವಳು ಬಸ್ ಸ್ಟ್ಯಾಂಡಿಗೆ ಓಡುವಷ್ಟರಲ್ಲಿ ಹರಿಹರದ ಬಸ್ಸು ಹೋಗಿತ್ತು. ಮುಂದಿನದು ಯಾವಾಗ ಎಂದು ಕೇಳಿದರೆ, “ಬಂದಾಗ” ಎಂದರು. ಅಷ್ಟರಲ್ಲಿ ಹಿಂದಿನಿಂದ, “ಆಪಾ, ಹತ್ತ್ರಿ! ನಾನೂ ಅಲ್ಲಿಗೇ ಹೊಂಟೀನಿ!” ಎಂಬ ಕೂಗು ಕೇಳಿಸಿತು. ಗೌಸ್ ಪೀರ್ ಕುದುರೆಯ ಕೊರಳಿಗೆ ಹೊಸ ಗೆಜ್ಜೆ ಕಟ್ಟಿದ್ದ.

ಹೆದ್ದಾರಿಯಲ್ಲಿ ಲಾರಿಗಳು ಎರಡೂ ಕಡೆಯಿಂದ ಧೂಳೆಬ್ಬಿಸಿ ಹೋಗುತ್ತಿದ್ದವು. ಗೌಸ್ ಪೀರ್ ಕುದುರೆಯನ್ನು ಓಡಿಸಲು ಒಪ್ಪಲಿಲ್ಲ. “ಓಡಿದ್ರೆ ಬೆವರ್ತೈತೆ ಆಪಾ. ಬೆವರಿದ್ರೆ ವಯಸ್ಸು ಕಾಣ್ತೈತೆ.” ಅರ್ಧ ದಾರಿಯಲ್ಲಿ ಒಂದು ಪೆಟ್ಟಿಗೆ ಅಂಗಡಿಯ ಮುಂದೆ ನಾಗರಾಜಪ್ಪ ಸೋಡಾ ಕುಡಿಯುತ್ತ ನಿಂತಿದ್ದ. ಟಾಂಗಾದ ಜೊತೆಜೊತೆಗೇ ಸ್ವಲ್ಪ ದೂರ ಸ್ಕೂಟರು ಬಿಟ್ಟ.

“ಮೇಡಂ, ಹಟ ಮಾಡ್ಬ್ಯಾಡ್ರಿ! ಈ ಕುದುರೆ ಮುಟ್ಟೋ ಹೊತ್ತಿಗೆ ಅವರು ಬೆಂಗಳೂರು ಸೇರಿರ್ತಾರೆ. ಕೊಡ್ರಿ ಇತ್ಲಾಗೆ!”

ಅವನು ಒಂದು ಕೈ ಚಾಚಿದ. ಫಕ್ರುನ್ನೀಸಾ ಚೀಲವನ್ನು ಮಗುವಿನಂತೆ ಅವುಚಿಕೊಂಡಳು. ಚಾಚಿದ ಕೈಯನ್ನು ತಿನಿಸು ಎಂದು ತಿಳಿದು ಕುದುರೆ ಕತ್ತು ತಿರುಗಿಸಿ, ತನ್ನ ಬೆಳ್ಳಗಿನ ಹಲ್ಲುಗಳಿಂದ ನಾಗರಾಜಪ್ಪನ ತೋಳಿನ ಗುಂಡಿ ಕಿತ್ತುಕೊಂಡಿತು. ಸ್ಕೂಟರು ಒಮ್ಮೆ ಜೋಲಿ ಹೊಡೆದು ಮುಂದೆ ಹಾರಿಹೋಯಿತು.

“ಉಗುಳೋ!” ಎಂದು ಗೌಸ್ ಪೀರ್ ಕುದುರೆಗೆ ಗದರಿದ. “ಹಲ್ಲು ಸವೀತಾವೆ!”

ಆ ಬೆಳಗಿನಿಂದ ಫಕ್ರುನ್ನೀಸಾ ಮೊದಲ ಸಲ ನಕ್ಕಳು.

ಗೆಸ್ಟ್ ಹೌಸ್ ಕಾರ್ಖಾನೆಯದು, ಹೊಳೆಯ ದಂಡೆಗಿತ್ತು. ಅವಳು ಒಳಗೆ ಹೋದಾಗ ಬೆಳ್ಳಿ ಕೂದಲಿನ ವಿಜ್ಞಾನಿಗಳೊಬ್ಬರು ಬೆತ್ತದ ಕುರ್ಚಿಯಲ್ಲಿ ಕುಳಿತಿದ್ದರು. ನಾಗರಾಜಪ್ಪ ಗುಂಡಿಯಿಲ್ಲದ ತೋಳು ಮಡಚಿಕೊಂಡು ಬಿಸ್ಕೀಟು ತಿನ್ನುತ್ತಿದ್ದ.

“ಬಂದ್ರು ನೋಡಿ ಸಾರ್. ಹೇಳ್ತಾ ಇದ್ನಲ್ಲ, ಪುಡಿ ಅರೆಯೋ ನಮ್ಮ ಹೆಣ್ಣುಮಗಳು—”

“ನನ್ನ ಹೆಸರು ಫಕ್ರುನ್ನೀಸಾ,” ಎಂದಳು ಅವಳು. ಒಂದು ವರ್ಷ ನುಂಗಿಕೊಂಡಿದ್ದ ದನಿ ಒಮ್ಮೆಲೇ ಬಂದದ್ದರಿಂದ ಅಷ್ಟು ದೊಡ್ಡದಾಗಿ ಬಂತು. ಟ್ರೇ ಹಿಡಿದು ಬರುತ್ತಿದ್ದ ಜವಾನ ಬಾಗಿಲಲ್ಲೇ ನಿಂತ. “ಆ ಪುಡಿ ಮಾಡಿದವಳು ನಾನು. ಸುಟ್ಟವಳು ನಾನು, ತೊಳೆದವಳು ನಾನು, ಅರೆದವಳೂ ನಾನೇ. ಬೇರೆ ಯಾರೂ ಮಾಡಿಲ್ಲ.”

ನಾಗರಾಜಪ್ಪನ ಬಿಸ್ಕೀಟು ಚಹಾಕ್ಕೆ ಬಿತ್ತು.

ವಿಜ್ಞಾನಿಗಳು ಎದ್ದು ನಿಂತರು. ನಿಜವಾಗಿ ಎದ್ದು ನಿಂತರು. “ಕೂತ್ಕೊಳ್ಳಿ ಅಮ್ಮಾ. ನಿಮ್ಮನ್ನೇ ನೋಡಬೇಕು ಅಂತ ಬಂದಿದ್ದು. ನಮ್ಮಲ್ಲಿ ಸಂಶೋಧನೆಗೆ ಒಂದು ಜಾಗ ಇದೆ. ಇದನ್ನ ಮಾಡಿದೋರಿಗೇ ಕೊಡಬೇಕು ಅಂತ ನನ್ನ ಹಟ. ಎಲ್ಲಿ, ಪುಡಿ ತೋರಿಸಿ.”

ಅವಳು ಬಾಟಲಿ ಕೊಟ್ಟಳು. ಅವರು ಮುಚ್ಚಳ ತೆಗೆದು ಬೆಳಕಿಗೆ ಹಿಡಿದರು. ಬೆರಳಿಂದ ಉಜ್ಜಿದರು. ಮೂಸಿದರು. ಹುಬ್ಬು ಗಂಟಾಯಿತು.

“ಇದು ಅದಲ್ವಲ್ಲ?”

“ಅದು ತೀರಿಹೋಯ್ತು ಸಾರ್. ಇದು ಹೊಸದು. ಅದೇ ಹೊಟ್ಟು, ಅದೇ ಭಟ್ಟಿ, ಎಲ್ಲ ಅದೇ.”

“ಹೊಟ್ಟು?” ಎಂದರು ಅವರು. “ಹೊಟ್ಟಿನ ಇದ್ದಿಲು ನಾವು ಬೇಕಾದಷ್ಟು ನೋಡಿದೀವಿ ಅಮ್ಮಾ. ನಾಲ್ಕು ಸಲ ತುಂಬಿಸಿದರೆ ಸುಸ್ತಾಗಿ ಮಲಗಿಬಿಡುತ್ತೆ. ನೀವು ಕಳಿಸಿದ್ದು ಯಾವುದೋ ಗಟ್ಟಿ ಚಿಪ್ಪಿನದು. ಮೈಕ್ರೋಸ್ಕೋಪಲ್ಲಿ ನೋಡಿದರೆ ಗೊತ್ತಾಗುತ್ತೆ. ಅದನ್ನ ಉಪ್ಪಿನ ಜೊತೆ ಸುಟ್ಟಿದ್ದೀರಿ. ತೊಳೆದಾಗ ಉಪ್ಪು ಕರಗಿ, ಅದು ಕೂತಿದ್ದ ಕಡೆಯೆಲ್ಲ ಸಣ್ಣ ಸಣ್ಣ ಗೂಡು. ಲಿಥಿಯಂಗೆ ಹೇಳಿ ಮಾಡಿಸಿದ ಹಾಗೆ. ಎಂಥ ತಲೆ ಅಂತ ನಾವೆಲ್ಲ ಬೆರಗಾದ್ವಿ.” ಅವರು ತಮ್ಮ ಚೀಲದಿಂದ ಇನ್ನೊಂದು ಬಾಟಲಿ ತೆಗೆದರು. “ಒಂದೇ ಒಂದು ಅರ್ಥ ಆಗಲಿಲ್ಲ. ಈ ವಾಸನೆ ಯಾಕೆ?”

ಮುಚ್ಚಳ ತೆಗೆದರು. ಕೋಣೆಯ ತುಂಬ ಲವಂಗದ ವಾಸನೆ ಹರಡಿತು.

ಫಕ್ರುನ್ನೀಸಾಳ ಕಾಲ ಕೆಳಗಿನ ನೆಲ ಮೆಲ್ಲಗೆ ಹೊಳೆಯ ಕಡೆಗೆ ಜಾರಿತು. ಅದು ಅವಳು ಮದುವೆಯಾಗಿ ಬಂದಂದಿನಿಂದ ದಿನಾ ಮುಂಜಾನೆ ನಮಾಜಿನ ಹೊತ್ತಿಗೆ ಬಚ್ಚಲ ಕಡೆಯಿಂದ ಬರುತ್ತಿದ್ದ ವಾಸನೆ. ಇಮಾಂಬೀಯ ಬಾಯಿಯ ವಾಸನೆ. ವರ್ಷದಿಂದ ಅದು ಬರುವುದು ನಿಂತಿದೆ ಎಂಬುದನ್ನು ಕೂಡ ಅವಳು ಗಮನಿಸಿರಲಿಲ್ಲ. ‘ನನ್ನ ಮಂಜನ್ ಯಾಕ್ ಖಾಲಿ ಆತು ಅಂದ್ರೆ, ನಿಮ್ಮ—’ ಬೆಳಿಗ್ಗೆ ತಾನು ಕತ್ತರಿಸಿದ ಆ ಮಾತು ಈಗ ತಾನಾಗಿ ಪೂರ್ತಿಯಾಯಿತು. ನಿಮ್ಮ ಸಾಹೇಬರು ಒಯ್ದರು. ಕರಿ ಪುಡಿ ಕೇಳಿದರು, ಮುದುಕಿ ಕರಿ ಪುಡಿ ಕೊಟ್ಟಳು. ತನ್ನದು ಹೋಯಿತೆಂದು ಸೊಸೆಯ ಡಬ್ಬಿಗೆ ಕೈ ಹಾಕಿದಳು.

ಹಾಗಾದರೆ ಬೆಂಗಳೂರು ಬೆರಗಾಗಿದ್ದು ಹಲ್ಲುಪುಡಿಗೆ. ತನ್ನ ಇದ್ದಿಲು ಬೆಳಗಿಸಿದ್ದು ಕುದುರೆಯ ಹಲ್ಲನ್ನು.

“ಹೇಳಿ ಅಮ್ಮಾ,” ವಿಜ್ಞಾನಿಗಳು ಮುಂದಕ್ಕೆ ಬಾಗಿದರು. “ಲವಂಗ ಯಾಕೆ ಹಾಕಿದ್ರಿ? ಯಾರ ಕಲ್ಪನೆ ಇದು?”

ಅವಳು ಬುರ್ಖಾದ ಅಂಚಿನಿಂದ ಬಾಯಿ ಒರೆಸಿಕೊಂಡಳು. ಈಗಷ್ಟೇ ‘ನಾನು, ನಾನು, ನಾನು’ ಎಂದು ಘಂಟೆ ಬಾರಿಸಿದ ಬಾಯಿ.

ನಾಗರಾಜಪ್ಪ ಗಂಟಲು ಸರಿಮಾಡಿಕೊಂಡ. “ಅದು ಸಾರ್... ನಾನಾಗಿ ಹೇಳಬಾರದು ಅಂತ ಸುಮ್ನಿದ್ದೆ. ಅದು ನನ್ನ ಐಡಿಯಾ. ಲವಂಗದಲ್ಲಿ ಒಂದು ಎಣ್ಣೆ ಐತಲ್ಲ, ಅದು ಇದ್ದಿಲಿನ ಮೇಲೆ ಒಂದು ಥರ... ರಕ್ಷಣೆ. ಆ ಚಿಪ್ಪು, ಆ ಉಪ್ಪು, ಎಲ್ಲಾ ನಾನು ಇವರಿಗೆ ಸ್ಪಷ್ಟವಾಗಿ ಹೇಳಿದ್ದೆ. ಈ ಸಲ ಮರ್ತುಬಿಟ್ಟಾರೆ. ಹೆಣ್ಮಕ್ಳು ನೋಡ್ರಿ, ಮನೇಲಿ ಬಿರಿಯಾನಿಗೆ ಹಾಕಿಬಿಟ್ಟಿರ್ತಾರೆ.”

ಹೇಳಿ ತಾನೇ ನಕ್ಕ.

ಫಕ್ರುನ್ನೀಸಾಳ ಕಿವಿಯಲ್ಲಿ ಭಟ್ಟಿಯ ಸದ್ದು ಕೇಳಿಸಿತು. ಒಂದೇ ಮಾತು ಸಾಕಿತ್ತು. ‘ಸಾರ್, ಅದು ನಮ್ಮತ್ತೆ ಹಲ್ಲುಜ್ಜೋ ಪುಡಿ.’ ಈ ಮನುಷ್ಯ ಬೆತ್ತದ ಕುರ್ಚಿಯ ಸಮೇತ ಹೊಳೆಗೆ ಬೀಳುತ್ತಿದ್ದ. ಆದರೆ ಅವನ ಕೈಗೆ ಅವಳ ಸೆರಗೂ ಸಿಕ್ಕಿತ್ತು; ಬಿದ್ದರೆ ಅವಳನ್ನೂ ಎಳೆದುಕೊಂಡೇ ಬೀಳುತ್ತಿದ್ದ. ಅವಳು ಉರ್ದುವಿನಲ್ಲಿ ಏನೋ ಗೊಣಗಿದಳು. ಟ್ರೇ ಹಿಡಿದಿದ್ದ ಜವಾನನಿಗೆ ಅರ್ಥವಾಗಿ, ಅವನು ಗೋಡೆಯ ಕಡೆ ಮುಖ ತಿರುಗಿಸಿಕೊಂಡ.

“ಓಹೋ, ನಿಮ್ಮದೋ,” ವಿಜ್ಞಾನಿಗಳ ದನಿಯಲ್ಲಿ ಅನುಮಾನವೂ ಇತ್ತು, ಮರ್ಯಾದೆಯೂ ಇತ್ತು. “ಬಹಳ ಒಳ್ಳೇದು ನಾಗರಾಜಪ್ಪನವರೇ. ಮುಂದಿನ ತಿಂಗಳು ಬನ್ನಿ. ನಮ್ಮವರೆಲ್ಲರ ಎದುರಿಗೆ ಮೊದಲಿಂದ ಕೊನೇವರೆಗೆ ಒಂದು ಸಲ ಮಾಡಿ ತೋರಿಸಿಬಿಡಿ. ಆ ಜಾಗ ಯಾರಿಗೆ ಅನ್ನೋದನ್ನ ಆಮೇಲೆ ನೋಡೋಣ.”

ನಾಗರಾಜಪ್ಪನ ನಗು ಅರ್ಧಕ್ಕೆ ನಿಂತು, ತೂಗುಹಾಕಿದ ಅಂಗಿಯಂತೆ ಮುಖದ ಮೇಲೆ ನೇತಾಡಿತು.

ವಾಪಸು ಬರುವಾಗ ಬಸ್ಸು ಸಿಕ್ಕಿತು. ಕಿಟಕಿಯಾಚೆ ಪೇಟೆಯ ಬೀದಿಯಲ್ಲಿ ಗೌಸ್ ಪೀರ್ ಕುದುರೆಯಿಲ್ಲದ ಟಾಂಗಾದ ಮೇಲೆ ಕುಳಿತು ಕೈಬೀಸಿದ. “ಹೋತು ಆಪಾ! ಬಾಯಿ ನೋಡಿದ ಕೂಡ್ಲೇ ಎಳೇದು ಅಂದ್ರು!” ಆ ದಿನ ಅವಳ ಪುಡಿಯಿಂದ ಉದ್ಧಾರವಾದವನು ಅವನೊಬ್ಬನೇ. ಟಾಂಗಾ ಊರಿಗೆ ಹೇಗೆ ತರುತ್ತಾನೆ ಎಂದು ಅವನು ಇನ್ನೂ ಯೋಚಿಸಿದ ಹಾಗೆ ಕಾಣಲಿಲ್ಲ.

ಮನೆಯಲ್ಲಿ ಇಮಾಂಬೀ ಮೊರದ ಮುಂದೆ ಕುಳಿತು ಅಕ್ಕಿ ಆರಿಸುತ್ತಿದ್ದಳು. ಬೈಗುಳಕ್ಕೆ ತಯಾರಾಗಿ ಬೆನ್ನು ಬಾಗಿಸಿಕೊಂಡಿದ್ದಳು. ಫಕ್ರುನ್ನೀಸಾ ಬುರ್ಖಾ ತೆಗೆಯದೆ ಎದುರಿಗೆ ಕುಳಿತಳು.

“ಅಮ್ಮಾ, ನಿಮ್ಮ ಮಂಜನ್ ಹೆಂಗ್ ಮಾಡಿದ್ರಿ?”

ಇಮಾಂಬೀ ತಲೆಯೆತ್ತಿ ಸೊಸೆಯ ಮುಖ ನೋಡಿದಳು. ಇಷ್ಟು ವರ್ಷಗಳಲ್ಲಿ ಈ ಓದಿದ ಹುಡುಗಿ ಅವಳನ್ನು ಏನನ್ನೂ ಹೀಗೆ ಕೇಳಿರಲಿಲ್ಲ.

“ಹೆಂಗಂದ್ರೆ... ನಮ್ಮ ಶಮೀಮನ ಮದುವೇಲಿ ಬಾದಾಮಿ ಒಡೆದಿದ್ವಲ್ಲ, ಆ ಚಿಪ್ಪು. ಒಂದಿಷ್ಟು ಉಪ್ಪು. ಮಡಿಕೇಗೆ ಹಾಕಿ, ಬಾಯಿಗೆ ಹಿಟ್ಟು ಮೆತ್ತಿ, ಭಟ್ಟಿ ಬೂದ್ಯಾಗೆ ಹೂತಿಟ್ಟೆ. ಆಮ್ಯಾಲೆ ತೊಳೆದು, ಒಣಗಿಸಿ, ಕುಟ್ಟಿ ಲವಂಗ ಹಾಕಿದೆ.”

“ಎಷ್ಟು ಉಪ್ಪು?”

“ಕೈಗೆ ಬಂದಷ್ಟು.”

“ಎಷ್ಟು ಹೊತ್ತು ಹೂತಿಟ್ರಿ?”

“ಅಯ್ಯೋ, ಅದೇ ನೋಡು. ತೆಗೀಬೇಕು ಅಂತಿದ್ದೆ, ಮರ್ತೇಬಿಟ್ಟೆ. ಮದುವೆ ಮನೆ ಗದ್ದಲ. ನೆನಪಾಗೋ ಹೊತ್ತಿಗೆ ಎಷ್ಟ್ ದಿನ ಆಗಿತ್ತೋ ಅಲ್ಲಾನಿಗೇ ಗೊತ್ತು. ಮರ್ತಿದ್ದಕ್ಕೇ ಹಂಗ್ ಬಂತು ಅನಿಸ್ತೈತೆ. ಆದ್ರೂ ಬೇಟಿ, ಹಲ್ಲಿಗೆ ನಿನ್ನ ಪುಡಿನೇ ಛಲೋ. ನಂದು ಅಷ್ಟಕ್ಕಷ್ಟೇ. ಇನ್ನೊಂದ್ ಡಬ್ಬಿ ಮಾಡು, ಓಣ್ಯಾಗೆ ಎಲ್ಲಾರೂ ಕೇಳಾಕತ್ಯಾರೆ.”

ಫಕ್ರುನ್ನೀಸಾ ಎದ್ದು ಬುರ್ಖಾ ಬಿಚ್ಚಿ ಗೂಟಕ್ಕೆ ಹಾಕಿದಳು. ಬೇಕೆಂದೇ ಮರೆಯುವುದು ಹೇಗೆ? ಒಂದು ಚಪ್ಪಾಳೆಯನ್ನು ವರ್ಷದಿಂದ ಮರೆಯಲಾಗದವಳು ಅವಳು.

ದೀಪ ಹಚ್ಚುವ ಹೊತ್ತಿಗೆ ಸ್ಕೂಟರು ಬಂದು ನಿಂತಿತು. ನಾಗರಾಜಪ್ಪ ಈ ಸಲ ಜಗುಲಿ ಹತ್ತಲಿಲ್ಲ. ಅಂಗಳದಲ್ಲೇ ನಿಂತು ಕರವಸ್ತ್ರದಿಂದ ಕತ್ತು ಒರೆಸಿಕೊಂಡ.

“ಮೇಡಂ, ಒಂದು ಸಣ್ಣ ವಿಚಾರ. ಆ ಲವಂಗ... ಅದನ್ನ ನಾವು ಸುಡೋ ಮುಂಚೆ ಹಾಕ್ತೀವೋ, ಆಮೇಲೋ?”

“ನಿಮ್ಮ ಐಡಿಯಾ ಅಲ್ವಾ ಸಾರ್,” ಎಂದಳು ಫಕ್ರುನ್ನೀಸಾ. “ನಿಮಗೆ ಹೆಂಗೆ ಹೊಳೆದಿತ್ತೋ ಹಂಗೇ.”

“ಅಲ್ರೀ, ನಮ್ಮ ಕಾಲೇಜಿನ ಮರ್ಯಾದೆ ಪ್ರಶ್ನೆ ಇದು. ನೀವು ಹಂಗ್ ಮಾತಾಡಬಾರದು. ಆ ಚಿಪ್ಪು ಯಾವುದು, ಅದಾದ್ರೂ...”

ಒಳಗಿನಿಂದ ಇಮಾಂಬೀ ದನಿ ಬಂತು. “ಚಿಪ್ಪಾ ಸಾಹೇಬ್ರೆ? ಅದು ನಮ್ಮ—”

“ಅಮ್ಮಾ,” ಫಕ್ರುನ್ನೀಸಾ ತಿರುಗಿ ನೋಡದೆ ಹೇಳಿದಳು, “ಚಹಾ ಉಕ್ತಾ ಐತೆ, ನೋಡ್ರಿ.”

ಒಲೆಯ ಮೇಲೆ ಚಹಾ ಇರಲಿಲ್ಲ. ಇಮಾಂಬೀ ಎದ್ದು ಹೋಗಿ ಖಾಲಿ ಒಲೆ ನೋಡಿದಳು. ಸೊಸೆಯ ಬೆನ್ನು ನೋಡಿದಳು. ಚಹಾಕ್ಕೆ ನೀರಿಟ್ಟಳು. ಹೊರಗೆ ಸ್ಕೂಟರು ನಾಲ್ಕಾರು ಒದೆ ತಿಂದು ಹೊರಟುಹೋಯಿತು.

ಆಮೇಲೆ ಫಕ್ರುನ್ನೀಸಾ ಹಬ್ಬಕ್ಕೆಂದು ತೆಗೆದಿಟ್ಟಿದ್ದ ಬಾದಾಮಿಯ ಚೀಲ ಇಳಿಸಿಕೊಂಡು, ಒರಳುಕಲ್ಲಿನ ಪಕ್ಕ ಕುಳಿತು ಒಂದೊಂದಾಗಿ ಒಡೆಯತೊಡಗಿದಳು. ತಿರುಳು ಒಂದು ಕಡೆ, ಚಿಪ್ಪು ಒಂದು ಕಡೆ. ಒಂದೊಂದು ಏಟಿಗೂ ಒಬ್ಬೊಬ್ಬರ ಮುಖ ನೆನಪಾಗುತ್ತಿತ್ತು. ಬಾದಾಮಿ ಚೆನ್ನಾಗಿಯೇ ಒಡೆಯುತ್ತಿದ್ದವು.

“ಹಬ್ಬ ಇನ್ನೂ ದೂರ ಐತಲ್ಲ ಬೇಟಿ?” ಎಂದು ಇಮಾಂಬೀ ಬಂದು ಕುಳಿತಳು.

“ನಿಮಗೆ ಮಂಜನ್ ಬ್ಯಾಡ್ವಾ?”

ಇಮಾಂಬೀ ಒಂದು ತಿರುಳು ಬಾಯಿಗೆ ಹಾಕಿಕೊಂಡು, ಚಿಪ್ಪುಗಳನ್ನು ಮಡಿಕೆಗೆ ತುಂಬತೊಡಗಿದಳು. ಉಪ್ಪಿನ ಜಾಡಿಗೆ ಅವಳ ಕೈ ಹೋದಾಗ ಫಕ್ರುನ್ನೀಸಾ ಕಲ್ಲು ಕೆಳಗಿಟ್ಟು ಆ ಮುಷ್ಟಿಯನ್ನೇ ನೋಡಿದಳು. ಎಷ್ಟು ತುಂಬಿದೆ, ಬೆರಳ ಸಂದಿಯಿಂದ ಎಷ್ಟು ಸೋರಿತು, ಎಲ್ಲ.

ಸರಿಯಾಗಿ ಬರುವ ತನಕ ಎಷ್ಟು ಮಡಿಕೆ ಬೇಕಾದರೂ ಹೂಳುವುದು. ಬಂದ ದಿನ ಮನೆಯಲ್ಲಿ ತವರಿಗೆಂದು ಹೇಳಿ, ಹರಿಹರದ ಬಸ್ಸು ಹತ್ತದೆ, ನಾಗರಾಜಪ್ಪನಿಗಿಂತ ಮೊದಲೇ ಬೆಂಗಳೂರಿಗೆ ಹೋಗುವುದು. ಯಾರ ಕಲ್ಪನೆ ಎಂದು ಅವರು ಮತ್ತೆ ಕೇಳುತ್ತಾರೆ. ಆಗ ಎರಡು ಹೆಸರು ಹೇಳುವುದು, ಇಮಾಂಬೀಯದು ಮೊದಲು. ಮೂರನೆಯದು ಇಲ್ಲ.

“ಏನ್ ಯೋಚ್ನೆ ಮಾಡಾಕತ್ತಿ?” ಎಂದಳು ಇಮಾಂಬೀ.

“ಏನಿಲ್ಲ ಅಮ್ಮಾ,” ಎಂದು ಫಕ್ರುನ್ನೀಸಾ ಮಡಿಕೆಯ ಬಾಯಿಗೆ ಹಿಟ್ಟು ಮೆತ್ತಿದಳು.